ಮಗ್ಗುಲಕ್ಕನ ಪಾಲು

ಸೋಮವಾರ ಬೆಳಿಗ್ಗೆ ಹೆಂಡತಿಯ ಮಗ್ಗುಲು ಬದಲಿಸುವಾಗ ಇಸ್ತ್ರಿಯಣ್ಣನ ಕಣ್ಣಿಗೆ ಅದು ಬಿತ್ತು. ಬೆನ್ನಿನ ಕೊನೆಯಲ್ಲಿ, ಮೂಳೆ ಉಬ್ಬಿರುವ ಕಡೆ, ಕೋಟಿನ ಗುಂಡಿಯಷ್ಟಗಲ ಕೆಂಪು. ಅವನು ಬೆರಳಿಟ್ಟು ಒತ್ತಿದ, ಮೂರು ಎಣಿಸಿ ತೆಗೆದ. ಒತ್ತಿದ ಜಾಗ ಬೆಳ್ಳಗಾಗಬೇಕಿತ್ತು. ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಆಗಲೂ ಇಲ್ಲ.

ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಇದರ ಅರ್ಥ ಗೊತ್ತು. ಗೊತ್ತಿಲ್ಲದವರು ಪುಣ್ಯವಂತರು, ಅವರಿಗೆ ಹೇಳಿಬಿಡೋಣ: ಮಲಗಿ ಮಲಗಿ ಆಗುವ ಹುಣ್ಣು ಹೀಗೆಯೇ ಶುರುವಾಗುತ್ತದೆ. ಹೊರಗೆ ಚರ್ಮ ಒಡೆದಿರುವುದಿಲ್ಲ, ಒಳಗೆ ಮಾಂಸ ಸಾಯತೊಡಗಿರುತ್ತದೆ.

"ಏ...ನು?" ಎಂದಳು ಹೆಂಡತಿ.

ಅವಳಿಗೆ ಲಕ್ವ ಹೊಡೆದು ಹದಿನಾಲ್ಕು ತಿಂಗಳಾಗಿತ್ತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿ, ಮಾತು ಒಂದೊಂದೇ ಪದಕ್ಕೆ ಬಂದು ನಿಂತಿತ್ತು. ಒಂದು ಕಾಲದಲ್ಲಿ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಗಿರಾಕಿಗಳ ಬೆವರಿಳಿಸುತ್ತಿದ್ದ ಹೆಂಗಸು ಅವಳು.

"ಏನಿಲ್ಲ ಬಿಡು. ಚಾದರ ಸುಕ್ಕಾಗಿತ್ತು," ಎಂದ ಅವನು.

ಇಸ್ತ್ರಿಯವನ ಮನೆಯಲ್ಲಿ ಚಾದರ ಸುಕ್ಕಾಗುವುದುಂಟೇ? ಅವಳು ನಂಬಲಿಲ್ಲ. ನಂಬಲಿಲ್ಲ ಎಂದು ಹೇಳುವುದಕ್ಕೆ ಅವಳಿಗೆ ಪದ ಸಾಲಲಿಲ್ಲ, ಅಷ್ಟೇ.

ಅವರ ಅಂಗಡಿಯೂ ಮನೆಯೂ ಒಂದೇ. ಮುಂದೆ ಇಸ್ತ್ರಿ ಮೇಜು, ನಡುವೆ ಪರದೆ, ಪರದೆಯ ಹಿಂದೆ ಮಂಚ. ಆಸ್ಪತ್ರೆಯಿಂದ ಕಳಿಸುವಾಗ ಅವನ ಕೈಗೆ ಒಂದು ಚೀಟಿ ಕೊಟ್ಟಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಅದರಲ್ಲಿತ್ತು. ಹೇಗೆ ಬದಲಿಸಬೇಕು ಎಂಬುದು ಮಾತ್ರ ಇರಲಿಲ್ಲ. ಮೊದಲ ವಾರ ಅವನು ಅವಳ ತೋಳು ಹಿಡಿದು ಎಳೆದ, ಅವಳು ಕಿರುಚಿಕೊಂಡಳು. ಎತ್ತಲು ಹೋಗಿ ತನ್ನ ಸೊಂಟ ಹಿಡಿಸಿಕೊಂಡ. ಒಂದು ದಿನ ಇಬ್ಬರೂ ಎದುರುಬದುರು ಕೂತು ಮಕ್ಕಳ ಹಾಗೆ ಅತ್ತರು. ಆಗ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾಗಿದ್ದ ಬಸ್ ಡ್ರೈವರೊಬ್ಬ ಫೋನಿಗೆ ಒಂದು ವಿಡಿಯೋ ಕಳಿಸಿದ. ಡ್ರೈವರನ ತಂದೆಯೂ ಹಾಸಿಗೆ ಹಿಡಿದವರೇ.

ವಿಡಿಯೋದಲ್ಲಿದ್ದವಳಿಗೆ ಜನ ಇಟ್ಟ ಹೆಸರು ಮಗ್ಗುಲಕ್ಕ. ಹತ್ತೊಂಬತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವಳು. ಆಸ್ಪತ್ರೆ ಮುಚ್ಚಿತು, ಕೆಲಸ ಹೋಯಿತು, ಅದೇ ವರ್ಷ ಅವಳ ತಾಯಿ ಹಾಸಿಗೆ ಹಿಡಿದರು. ಫೋನನ್ನು ಕಿಟಕಿಯ ಸರಳಿಗೆ ಕಟ್ಟಿ, ಸ್ವಂತ ತಾಯಿಯನ್ನೇ ಮಲಗಿಸಿಕೊಂಡು, ಅವಳು ಊರಿಗೆಲ್ಲ ಪಾಠ ಹೇಳತೊಡಗಿದಳು. ಮೊಣಕಾಲು ಮಡಚಿ, ಸೊಂಟಕ್ಕೆ ಒಂದು ಕೈ, ಹೆಗಲಿಗೆ ಒಂದು ಕೈ ಕೊಟ್ಟರೆ ಎಂಥ ದೊಡ್ಡ ದೇಹವೂ ತಾನಾಗಿ ಹೇಗೆ ಹೊರಳುತ್ತದೆ. ಮಲಗಿದವರ ತಲೆಗೂದಲು ತೊಳೆಯುವುದು ಹೇಗೆ. ಅವರನ್ನು ಏಳಿಸದೆ ಚಾದರ ಬದಲಿಸುವುದು ಹೇಗೆ. ತಾಯಿಯೂ ಸುಮ್ಮನಿರುತ್ತಿರಲಿಲ್ಲ. "ಮೆಲ್ಲಗೆ ಹೊರಳಿಸೇ, ನಾನೇನು ಮೂಟೆನಾ?" ಎಂದು ನಡುವೆ ಗದರುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಇಸ್ತ್ರಿಯಣ್ಣನ ಹೆಂಡತಿ ಅರ್ಧ ಬಾಯಲ್ಲಿ ನಗುತ್ತಿದ್ದಳು. ಆ ವರ್ಷ ಆ ಮನೆಯಲ್ಲಿ ನಗು ಅಂತ ಇದ್ದದ್ದು ಅದೊಂದೇ.

ಯಾರು ಏನೇ ಕೇಳಿದರೂ ಮಗ್ಗುಲಕ್ಕ ಒಂದೆರಡು ಗಂಟೆಯೊಳಗೆ ಉತ್ತರ ಬರೆಯುತ್ತಿದ್ದಳು. ಆ ಸೋಮವಾರ ಇಸ್ತ್ರಿಯಣ್ಣ ಕೆಂಪು ಕಲೆಯ ವಿಷಯ ಬರೆದು ಕೇಳಿದ. ಮಧ್ಯಾಹ್ನವಾದರೂ ಉತ್ತರವಿಲ್ಲ. ಆಗ ಅವನಿಗೆ ಹೊಳೆಯಿತು, ಐದು ವಾರದಿಂದ ಹೊಸ ವಿಡಿಯೋವೇ ಬಂದಿಲ್ಲ.

ಅಷ್ಟು ಹೊತ್ತಿಗೆ ನಾದಿನಿ ಬಂದಳು. ಹೆಂಡತಿಯ ತಂಗಿ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವವಳು. ಅಕ್ಕನಿಗೆ ಡೈಪರಿನ ಕಟ್ಟು ತಂದಿದ್ದಳು. ಮೇಜಿನ ಹಿಂದಿನ ಅಲಮಾರಿಯಲ್ಲಿ ಇಸ್ತ್ರಿಯಾದ ಬಟ್ಟೆಗಳ ಪಕ್ಕ, ಗೋಡೆಗೆ ಮುಖ ಮಾಡಿ ನಾಲ್ಕು ಫೋನುಗಳು ಸಾಲಾಗಿ ನಿಂತಿದ್ದವು. ನಾಲ್ಕಕ್ಕೂ ಚಾರ್ಜರಿನ ವೈರು.

"ಇದೇನು ಭಾವ, ಫೋನ್ ಅಂಗಡಿ ಬೇರೆ ಇಟ್ಟಿದ್ದೀರಾ?"

ಇಸ್ತ್ರಿಯಣ್ಣನಿಗೆ ಆ ಚಿಂತೆಯಲ್ಲೂ ಸ್ವಲ್ಪ ಎದೆಯುಬ್ಬಿತು. "ಅದು ನನ್ನ ಸೇವೆ. ಮಗ್ಗುಲಕ್ಕನ ವಿಡಿಯೋ ಓಡ್ತಿದೆ. ಬೆಳಿಗ್ಗೆ ಹಾಕಿದ್ರೆ ಸಂಜೆ ಅಂಗಡಿ ಮುಚ್ಚೋವರೆಗೂ ಓಡ್ತಾನೇ ಇರತ್ತೆ. ಸೌಂಡ್ ತೆಗೆದಿದ್ದೀನಿ. ಜನ ನೋಡಿದಷ್ಟೂ ಅವರಿಗೆ ದುಡ್ಡು ಬರತ್ತಂತೆ. ನಮ್ಮ ಕೈಯಿಂದ ಬಿಡಿಗಾಸು ಖರ್ಚಿಲ್ಲ, ಅಕ್ಕನ ಕೈ ತುಂಬತ್ತೆ. ಹೇಗಿದೆ ನನ್ನ ತಲೆ?"

ನಾದಿನಿ ನಗಲಿಲ್ಲ. "ನೀವೊಬ್ಬರೇನಾ ಹೀಗೆ ಮಾಡ್ತಿರೋದು?"

"ಒಬ್ಬನೇ ಯಾಕೆ? ಆಸ್ಪತ್ರೆ ಬೆಂಚಲ್ಲಿ ಪರಿಚಯ ಆದ ನಮ್ಮ ಗುಂಪಿದೆಯಲ್ಲ, ಹಾಸಿಗೆ ಹಿಡಿದವರಿರೋ ಅರವತ್ಮೂರು ಮನೆ, ಎಲ್ಲರಿಗೂ ಹೇಳಿಕೊಟ್ಟಿದ್ದೀನಿ. ಡ್ರೈವರ್ ಅಂತೂ ಡಿಪೋದಲ್ಲಿ ಇರೋಬರೋ ಫೋನಲ್ಲೆಲ್ಲ ಹಾಕಿಸಿದ್ದಾನೆ."

"ಅಯ್ಯೋ ಭಾವ," ಎಂದಳು ಅವಳು. ಚೀಲ ನೆಲಕ್ಕಿಟ್ಟು ಸ್ಟೂಲಿನ ಮೇಲೆ ಕೂತಳು. "ಒಬ್ಬ ಗಿರಾಕಿ ಒಂದೇ ಶರ್ಟನ್ನ ದಿನಕ್ಕೆ ಮುನ್ನೂರು ಸಲ ತಂದುಕೊಟ್ರೆ ನಿಮಗೆ ಅನುಮಾನ ಬರತ್ತೋ ಇಲ್ವೋ?"

"ಬರತ್ತೆ. ತಲೆ ಕೆಟ್ಟಿದೆ ಅಂತೀನಿ."

"ಆ ವಿಡಿಯೋ ಕಂಪನಿಗೂ ಹಾಗೇ. ವಿಡಿಯೋ ಮುಂದೆ ಜಾಹೀರಾತು ಬರತ್ತಲ್ಲ, ದುಡ್ಡು ಅಲ್ಲಿಂದ. ಅದರಲ್ಲಿ ಮಾಡಿದವರಿಗೆ ಸಿಗೋದು ಚೂರುಪಾರು. ಜಾಹೀರಾತಿನವರು ದುಡ್ಡು ಕೊಡೋದು ಮನುಷ್ಯರು ನೋಡಲಿ ಅಂತ. ನಿಮ್ಮ ಗೋಡೆ ನೋಡಲಿ ಅಂತಲ್ಲ. ಸುಳ್ಳು ವ್ಯೂಸ್ ಅಂತ ಅನುಮಾನ ಬಂದ್ರೆ, ಮಾಡಿದ್ದು ಯಾರು, ಯಾಕೆ ಅಂತ ಕಂಪನಿ ಕಂಪ್ಯೂಟರು ವಿಚಾರಿಸಲ್ಲ. ವಿಡಿಯೋ ಯಾರದೋ ಅವರ ಸಂಪಾದನೆನೇ ನಿಲ್ಲಿಸಿಬಿಡತ್ತೆ."

"ಸುಮ್ನೆ ಹೆದರಿಸ್ಬೇಡ. ನಿಲ್ಲಿಸಿದ್ದಾರೆ ಅಂತ ನಿನಗೇನು ಗೊತ್ತು?"

ನಾದಿನಿ ತನ್ನ ಫೋನಿನಲ್ಲಿ ಮಗ್ಗುಲಕ್ಕನ ಪುಟ ತೆಗೆದಳು. ವಿಡಿಯೋಗಳನ್ನು ಹಗಲೆಲ್ಲ ಓಡಿಸುತ್ತಿದ್ದ ಇಸ್ತ್ರಿಯಣ್ಣ ಅವಳ ಪುಟವನ್ನು ತೆರೆದು ನೋಡಿರಲೇ ಇಲ್ಲ. ಅಲ್ಲಿ ಒಂದು ತಿಂಗಳ ಹಿಂದೆ ಬರೆದ ನಾಲ್ಕು ಸಾಲು ಇದ್ದವು. ನಾದಿನಿ ಓದಿದಳು.

"ಎಲ್ಲರಿಗೂ ನಮಸ್ಕಾರ. ಸುಳ್ಳು ವ್ಯೂಸ್ ಬರುತ್ತಿವೆ ಎಂದು ಕಂಪನಿಯವರು ನನ್ನ ಜಾಹೀರಾತಿನ ಹಣ ನಿಲ್ಲಿಸಿದ್ದಾರೆ. ನಾನು ಮಾಡಿಲ್ಲ ಎಂದು ನಾಲ್ಕು ಸಲ ಬರೆದೆ, ಉತ್ತರವಿಲ್ಲ. ನನ್ನನ್ನು ಕಂಡರಾಗದವರು ಯಾರೋ ಮಾಡಿಸಿರಬೇಕು. ಅವರಿಗೆ ನಾನೇನು ಅನ್ಯಾಯ ಮಾಡಿದ್ದೆನೋ ತಿಳಿಯದು. ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೇನೆ, ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ. ಇನ್ನು ವಿಡಿಯೋ ಮಾಡಲಾಗುವುದಿಲ್ಲ, ಕ್ಷಮಿಸಿ. ನಿಮ್ಮ ಮನೆಯವರ ಮಗ್ಗುಲು ತಪ್ಪಿಸಬೇಡಿ."

ಇಸ್ತ್ರಿಯಣ್ಣ ಎದ್ದು ಹೋಗಿ ಫೋನುಗಳನ್ನು ಒಂದೊಂದಾಗಿ ಆರಿಸಿದ. "ಕಂಡರಾಗದವನು ಅಂದ್ರೆ ನಾನೇ ಆದ್ನಲ್ಲಮ್ಮ," ಎಂದ.

"ಅವರ ಪುಟದಲ್ಲಿ 'ಬೆಂಬಲಿಸಿ' ಅಂತ ಒಂದು ಜಾಗ ಇದೆ, ನೋಡಿದ್ರಾ?" ನಾದಿನಿ ತೋರಿಸಿದಳು. "ಅಲ್ಲಿ ತಿಂಗಳು ತಿಂಗಳು ಇಷ್ಟೋ ಅಷ್ಟೋ ಕೊಡಬಹುದು. ಅದು ಜಾಹೀರಾತಿನ ಲೆಕ್ಕ ಅಲ್ಲ. ಅದನ್ನ ನಡೆಸೋರು ಸ್ವಲ್ಪ ಹಿಡ್ಕೊಂಡು, ಉಳಿದಿದ್ದೆಲ್ಲ ಸೀದಾ ಅವರಿಗೇ ಹೋಗತ್ತೆ. ಒಂದು ವರ್ಷದಿಂದ ಇದೆ. ಇವರ ವಿಡಿಯೋ ನೋಡೋರು ತೊಂಬತ್ತು ಸಾವಿರ ಜನ. ಕೊಡ್ತಿರೋರು ಹನ್ನೊಂದು."

"ನಾನೂ ನೋಡಿದ್ದೆ, ವಿಡಿಯೋ ಕೆಳಗೆ ಬರ್ತಿತ್ತು. ಫೋನಲ್ಲಿ ದುಡ್ಡು ಕೇಳೋರೆಲ್ಲ ಟೋಪಿ ಹಾಕೋರು ಅಂತ ಬಿಟ್ಟೆ."

"ಅನುಮಾನ ಪಟ್ಟಿದ್ದು ತಪ್ಪಲ್ಲ. ಕೇಳಿ ತಿಳ್ಕೊಳ್ಳದೇ ಇದ್ದಿದ್ದು ತಪ್ಪು."

ಅವನು ತಲೆ ಕೆರೆದುಕೊಂಡ. ತಪ್ಪು ಮಾಡಿದ ಮೇಲೂ ಮನುಷ್ಯನ ಜಿಪುಣತನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. "ಅಲ್ಲಮ್ಮ, ನಿಜ ಹೇಳು. ಬಿಟ್ಟಿ ಸಿಗೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ?"

ಪರದೆಯ ಹಿಂದಿನಿಂದ ದನಿ ಬಂತು. "ಶರ್...ಟು."

ಇಬ್ಬರೂ ತಿರುಗಿದರು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಎರ...ಡು ಶರ್ಟು," ಎಂದಳು ಮತ್ತೆ, ಸಿಟ್ಟಿನಿಂದ.

ನಾದಿನಿಗೆ ಅರ್ಥವಾಗಲಿಲ್ಲ. ಇಸ್ತ್ರಿಯಣ್ಣನಿಗೆ ಆಯಿತು. ಹಿಂದೆ ಒಬ್ಬ ಗಿರಾಕಿ ಇದ್ದ. ವಾರಕ್ಕೊಮ್ಮೆ ಬಂದು, "ಎರಡೇ ಶರ್ಟು ಅಲ್ವಾ, ಹೇಗೂ ಇಸ್ತ್ರಿ ಬಿಸಿ ಇದೆ, ಹಾಗೇ ತಿಕ್ಕಿಕೊಡಿ" ಅನ್ನುತ್ತಿದ್ದ. ಇಸ್ತ್ರಿಯಣ್ಣ ದಾಕ್ಷಿಣ್ಯಕ್ಕೆ ಬಿಟ್ಟಿಯಾಗಿ ತಿಕ್ಕಿಕೊಡುತ್ತಿದ್ದ. ಒಂದು ದಿನ ಹೆಂಡತಿ ಮುಂದೆ ಬಂದು ನಿಂತಳು. "ಬಿಸಿ ಇರೋದು ಇಸ್ತ್ರಿ ಸ್ವಾಮಿ, ಬೆವರು ಇವರದು" ಎಂದು ಅವನನ್ನು ಬೀದಿಯ ತುದಿಯವರೆಗೂ ಬೈದು ಕಳಿಸಿದ್ದಳು.

ಆ ಮನುಷ್ಯನ ಜಾಗದಲ್ಲಿ ಈಗ ತಾನು ನಿಂತಿದ್ದೇನೆ ಎಂದು ಹೆಂಡತಿ ಹೇಳುತ್ತಿದ್ದಾಳೆ. ಇಸ್ತ್ರಿಯಣ್ಣನಿಗೆ ನಾಚಿಕೆಯಾಯಿತು. ಹದಿನಾಲ್ಕು ತಿಂಗಳು ಹೆಂಡತಿಯ ಮೈಮೇಲೆ ಒಂದು ಹುಣ್ಣು ಏಳದ ಹಾಗೆ ಕಾಪಾಡಿದ ಮಗ್ಗುಲಕ್ಕನಿಗೆ ಅವನು ಕೊಟ್ಟದ್ದು ನಾಲ್ಕು ಹಳೇ ಫೋನಿನ ನಾಟಕ.

ಅವನು ಮಗ್ಗುಲಕ್ಕನಿಗೆ ಮಾತಿನ ಸಂದೇಶ ಕಳಿಸಲು ಕೂತ. ಮೂರು ಸಲ ಮಾತಾಡಿ ಅಳಿಸಿದ. ನಾಲ್ಕನೆಯ ಸಲ, "ಅಕ್ಕಾ, ನೀವು ಬರೆದಿರೋ ಆ ಕಂಡರಾಗದವನು ನಾನೇ. ಒಳ್ಳೇದಾಗಲಿ ಅಂತ ಮಾಡಿದ್ದು" ಎಂದು ಎಲ್ಲ ಹೇಳಿದ. ತನ್ನ ನಂಬರನ್ನೂ ಕೊಟ್ಟ. ಕೊನೆಗೆ ಹೆಂಡತಿಯ ಬೆನ್ನಿನ ಕೆಂಪನ್ನೂ ಹೇಳಿ, ಹೇಳಬಾರದಿತ್ತೇನೋ ಅನಿಸುವಷ್ಟರಲ್ಲಿ ಕಳಿಸಿಬಿಟ್ಟಿದ್ದ.

ಅರ್ಧ ಗಂಟೆಯಲ್ಲಿ ಅವಳೇ ಫೋನು ಮಾಡಿದಳು.

"ಇಸ್ತ್ರಿ ಅಣ್ಣನಾ?" ವಿಡಿಯೋದಲ್ಲಿ ಕೇಳಿದ್ದ ಅದೇ ದನಿ, ತೀರ ಒಣಗಿತ್ತು.

"ಬೈಯಿರಿ ಅಕ್ಕಾ."

"ಬೈಯೋಕೆ ಟೈಮಿಲ್ಲ. ಊಟದ ಬಿಡುವು ಇಪ್ಪತ್ತೇ ನಿಮಿಷ. ಮೊದಲು ಇದು ಹೇಳಿ, ಆ ಕೆಂಪು ಒತ್ತಿದ್ರೆ ಬೆಳ್ಳಗಾಗತ್ತಾ?"

"ಇಲ್ಲ."

"ಚರ್ಮ ಒಡೆದಿದೆಯಾ? ನೀರು ಬರ್ತಿದೆಯಾ?"

"ಅದೂ ಇಲ್ಲ."

"ಹಾಗಾದ್ರೆ ಇನ್ನೂ ಕೈ ಮೀರಿಲ್ಲ. ಅಂಗಾತ ಮಲಗಿಸ್ಲೇಬೇಡಿ. ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ವಾಲಿಸಿ ಮಲಗಿಸಿ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಕೆಂಪಾದ ಜಾಗ ಉಜ್ಜಬೇಡಿ. ಎಣ್ಣೆ ಹಾಕಿ ತಿಕ್ಕೋಕೂ ಹೋಗ್ಬೇಡಿ. ನರ್ಸಿಗೆ ತೋರಿಸಿ. ನಾಳೆ ಅಲ್ಲ ಅಣ್ಣ, ಇವತ್ತೇ."

"ಆಗಲಿ ಅಕ್ಕಾ." ಅವನು ಆಸ್ಪತ್ರೆಯ ಚೀಟಿಯ ಹಿಂದೆ ಎಲ್ಲ ಬರೆದುಕೊಂಡ. "ಅಮ್ಮ ಹೇಗಿದ್ದಾರೆ?"

ಆ ಕಡೆ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಸದ್ದು ಕೇಳಿಸುತ್ತಿತ್ತು. ಅವಳು ಹೇಳಿದಳು. "ಆಸ್ಪತ್ರೇಲಿದ್ದಾರೆ. ಬೆನ್ನಲ್ಲಿ ಹುಣ್ಣಾಗಿ ಮೂಳೆ ಕಾಣ್ತಿದೆ. ದಿನಾ ಹನ್ನೆರಡು ಗಂಟೆ ನಾನು ಮನೇಲಿರಲ್ಲ. ಪಕ್ಕದ ಮನೆ ಅಜ್ಜಿ ಬಂದು ನೀರು ಕುಡಿಸ್ತಿದ್ರು, ಪಾಪ. ಹೊರಳಿಸೋಕೆ ಅವರ ಕೈಲಾಗಲ್ಲ. ಸಂಜೆ ನಾನೂ ಸುಸ್ತಾಗಿ ಬಂದು, ದೀಪದ ಬೆಳಕಲ್ಲಿ ಸರಿಯಾಗಿ ನೋಡ್ಲಿಲ್ಲ. ನಾಲ್ಕು ದಿನ ನೋಡ್ಲಿಲ್ಲ ಅಣ್ಣ. ಊರಿಗೆಲ್ಲ ಹೇಳ್ಕೊಡೋಳು ನಾನು, ನನ್ನಮ್ಮನ ಬೆನ್ನು ನಾನು ನೋಡ್ಲಿಲ್ಲ."

ಇಸ್ತ್ರಿಯಣ್ಣ ಆರಿಸಿಟ್ಟ ನಾಲ್ಕು ಫೋನುಗಳ ಕಡೆ ನೋಡಿದ.

"ನೀವು ಒಳ್ಳೇ ಮನಸ್ಸಿಂದ ಮಾಡಿದ್ರಿ, ಗೊತ್ತಾಯ್ತು. ಒಂದು ಮಾತು ನನ್ನ ಕೇಳಿದ್ರೆ ಹೇಳ್ತಿದ್ದೆ," ಎಂದಳು ಅವಳು. ಗೋದಾಮಿನ ಗಂಟೆ ಹೊಡೆಯಿತು, ಫೋನು ಕಟ್ಟಾಯಿತು.

ಅಂದೇ ಸಂಜೆ ನರ್ಸು ಬಂದು ನೋಡಿದರು. ಮಗ್ಗುಲಕ್ಕ ಹೇಳಿದ್ದನ್ನೇ ಹೇಳಿದರು. "ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟ ಆಗ್ತಿತ್ತು. ಯಾರು ಹೇಳ್ಕೊಟ್ರು ನಿಮಗೆ?" ಎಂದು ಕೇಳಿದರು. ಅವನು ಹೇಳಿದ. ಹೇಳುವಾಗ ಅವರ ಮುಖ ನೋಡಲಿಲ್ಲ.

ಗುರುವಾರ ಆಸ್ಪತ್ರೆಯ ಬೆಂಚಿನ ಬಳಿ ಗುಂಪಿನವರು ಸೇರಿದರು. ಇಸ್ತ್ರಿಯಣ್ಣ ಎದ್ದು ನಿಂತು ತನ್ನ ಜಾಣತನದ ಕಥೆಯನ್ನು ಪೂರ್ತಿ ಹೇಳಿದ. ತಾಯಿಯ ಹುಣ್ಣಿನ ವಿಷಯ ಬಂದಾಗ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಎಲ್ಲರೂ ಫೋನು ತೆಗೆದು ಓಡುತ್ತಿದ್ದ ವಿಡಿಯೋಗಳನ್ನು ನಿಲ್ಲಿಸಿದರು.

"ದುಡ್ಡು ನಿಲ್ಲಿಸಿದ್ದು ಕಂಪನಿ. ನಾವ್ಯಾಕೆ ಕೊಡ್ಬೇಕು? ಆ ಕಂಪನಿಗೆ ಉಗಿಯೋಣ," ಎಂದ ಡ್ರೈವರ್.

"ಉಗಿಯೋಣ, ನಾನೂ ಬರ್ತೀನಿ. ಆದ್ರೆ ನಿಮ್ಮಪ್ಪನ್ನ ಹೊರಳಿಸೋದು ನಿನಗೆ ಕಲಿಸಿದ್ದು ಕಂಪನಿನಾ?" ಎಂದ ಇಸ್ತ್ರಿಯಣ್ಣ.

ಡ್ರೈವರ್ ತಲೆ ತಗ್ಗಿಸಿ ಬೆಂಚಿನ ಮೇಲೆ ಕೂತ.

"ನಾವೂ ಇಲ್ಲದವರೇ ಅಲ್ವಾ ಅಣ್ಣ," ಎಂದಳು ಮೂಲೆಯಲ್ಲಿದ್ದ ಹೂವಿನವಳು. ಅವಳ ಅತ್ತೆಗೆ ಸೊಂಟ ಮುರಿದಿತ್ತು.

"ಇಲ್ಲದವರು ಕೊಡ್ಲೇಬೇಕು ಅಂತ ಯಾರೂ ಹೇಳ್ತಿಲ್ಲಮ್ಮ. ನೀನು ವಿಡಿಯೋ ಪೂರ್ತಿ ನೋಡು, ನಾಲ್ಕು ಜನಕ್ಕೆ ಹೇಳು, ಸಾಕು. ನಾನು ತಿಂಗಳಿಗೆ ಎಂಟು ಶರ್ಟಿನ ಕೂಲಿ ಕೊಡ್ತೀನಿ. ಅಷ್ಟು ಹೋದ್ರೆ ನನ್ನ ಮನೆ ಮುಳುಗಲ್ಲ. ನಲವತ್ತು ಜನ ಹಾಗೆ ಕೊಟ್ರೆ ಅವರು ಅರ್ಧ ದಿನ ಮನೇಲಿರಬಹುದು. ತಾಯಿ ಆಸ್ಪತ್ರೆಯಿಂದ ಬಂದ್ರೆ ಹೊರಳಿಸೋಕೆ ಒಬ್ಬರು ಬೇಕಲ್ಲ."

ನಾದಿನಿ ಬೆಂಚಿನ ತುದಿಯಲ್ಲಿ ಕೂತು ಒಬ್ಬೊಬ್ಬರ ಫೋನು ಹಿಡಿದು ತೋರಿಸಿಕೊಟ್ಟಳು. ಮೊದಲನೆಯ ಫೋನಿನಲ್ಲೇ ತಕರಾರು ಬಂತು. ಹುಡುಕಿದರೆ ಮಗ್ಗುಲಕ್ಕನ ಫೋಟೋ ಹಾಕಿಕೊಂಡ ಎರಡು ಪುಟ ಬಂದವು. ಒಂದರಲ್ಲಿ, "ತಾಯಿಗೆ ಹುಷಾರಿಲ್ಲ, ತಕ್ಷಣ ಈ ನಂಬರಿಗೆ ಹಣ ಹಾಕಿ" ಎಂದಿತ್ತು.

"ಇದು ಕಳ್ಳರದು," ಎಂದಳು ನಾದಿನಿ. "ನಿಜವಾದ ಪುಟದಲ್ಲಿ ಮೂರು ವರ್ಷದ ವಿಡಿಯೋ ಇದೆ. ಇದರಲ್ಲಿ ಒಂದೂ ಇಲ್ಲ, ನೋಡಿ. ಹುಡುಕಿ ಸಿಕ್ಕಿದ ಕಡೆ ದುಡ್ಡು ಹಾಕ್ಬೇಡಿ. ನೀವು ದಿನಾ ನೋಡೋ ವಿಡಿಯೋದಿಂದಾನೇ ಅವರ ಪುಟಕ್ಕೆ ಹೋಗಿ, ಅಲ್ಲಿರೋ 'ಬೆಂಬಲಿಸಿ'ಯಿಂದಾನೇ ಕೊಡಿ. ಓಟಿಪಿ ಯಾರಿಗೂ ಹೇಳ್ಬೇಡಿ, ಮಗ್ಗುಲಕ್ಕನೇ ಫೋನ್ ಮಾಡಿ ಕೇಳಿದ್ರೂ ಹೇಳ್ಬೇಡಿ. ಒಂದೇ ಸಲ ಕೊಡೋದೋ, ತಿಂಗಳು ತಿಂಗಳು ಹೋಗೋದೋ, ಓದಿ ಒತ್ತಿ. ಆಗಲ್ಲ ಅನ್ನಿಸಿದ ತಿಂಗಳು ಇಲ್ಲೇ ನಿಲ್ಲಿಸಬಹುದು, ಯಾರೂ ಬಂದು ಕೇಳಲ್ಲ."

ಆ ಮಧ್ಯಾಹ್ನ ಕೊಡುವವರ ಪಟ್ಟಿಗೆ ನಲವತ್ತೆರಡು ಜನ ಸೇರಿದರು. ಡ್ರೈವರ್ ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಹೆಚ್ಚು. ತಪ್ಪು ನಮ್ಮದು, ಆಕೆಯದಲ್ಲ ಎಂದು ಅರವತ್ಮೂರು ಮನೆಯವರೂ ಕಂಪನಿಗೆ ಬರೆದರು. ಆ ಪತ್ರಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಬೆಂಬಲದ ಹಣ ಕೊಟ್ಟ ಕೂಡಲೇ ಕೈ ಸೇರುವುದಿಲ್ಲ, ತಿಂಗಳ ಕೊನೆಗೆ ಹೋಗುತ್ತದೆ. ಅದು ಮಗ್ಗುಲಕ್ಕನಿಗೆ ಸೇರುವ ಹೊತ್ತಿಗೆ ಅವಳ ತಾಯಿ ತೀರಿಕೊಂಡು ಒಂಬತ್ತು ದಿನವಾಗಿತ್ತು. ಹುಣ್ಣಿನ ನಂಜು ರಕ್ತಕ್ಕೆ ಏರಿತ್ತು.

ಸುದ್ದಿ ಕೇಳಿದ ದಿನ ಇಸ್ತ್ರಿಯಣ್ಣ ಅಂಗಡಿ ತೆರೆಯಲಿಲ್ಲ. ಹೆಂಡತಿಯ ಬೆನ್ನಿನ ಕೆಂಪು ಅಷ್ಟರಲ್ಲಿ ಪೂರ್ತಿ ಮಾಯವಾಗಿತ್ತು. ಅದನ್ನು ನೋಡಿದರೆ ಅವನಿಗೆ ಸಂತೋಷವೂ ಆಗುತ್ತಿತ್ತು, ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಇನ್ನೊಂದು ತಿಂಗಳಾದ ಮೇಲೆ ಹೊಸ ವಿಡಿಯೋ ಬಂತು. ಮಗ್ಗುಲಕ್ಕ ಗೋದಾಮಿನಲ್ಲಿ ಅರ್ಧ ದಿನದ ಕೆಲಸಕ್ಕೆ ಬದಲಾಗಿದ್ದಳು. ಇಸ್ತ್ರಿಯಣ್ಣ ಫೋನನ್ನು ಹೆಂಡತಿಗೆ ಕಾಣುವ ಹಾಗೆ ಹಿಡಿದ. ಅದೇ ಕಿಟಕಿ, ಅದೇ ಮಂಚ. ಮಂಚದ ಮೇಲೆ ಉದ್ದಕ್ಕೆ ಸುತ್ತಿ ದಾರ ಕಟ್ಟಿದ ಒಂದು ಕಂಬಳಿ ಮಲಗಿತ್ತು.

"ಅಮ್ಮ ಇಲ್ಲ," ಎಂದಳು ಮಗ್ಗುಲಕ್ಕ. "ಇನ್ಮೇಲೆ ಇದರ ಮೇಲೇ ಹೇಳ್ಕೊಡ್ತೀನಿ. ನಲವತ್ತೆರಡು ಜನ ನನಗೆ ಅರ್ಧ ದಿನ ಬಿಡಿಸಿ ಕೊಟ್ಟಿದ್ದಾರೆ, ಅದಕ್ಕೇ ಬಂದೆ. ಇವತ್ತು ಕೆಂಪು ಕಲೆ ಗುರುತಿಸೋದು ಹೇಗೆ ಅಂತ ನೋಡೋಣ." ಅವಳು ಕಂಬಳಿಯ ಸೊಂಟಕ್ಕೆ ಒಂದು ಕೈ, ಹೆಗಲಿಗೆ ಒಂದು ಕೈ ಕೊಟ್ಟು ಹೊರಳಿಸಿದಳು. ಕಂಬಳಿ ಏನೂ ಗದರಲಿಲ್ಲ. ಇಸ್ತ್ರಿಯಣ್ಣನ ಹೆಂಡತಿ ಎಡಗೈಯಿಂದ ಮುಖ ಮುಚ್ಚಿಕೊಂಡಳು.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಫೋನು ತೆಗೆಯಿರಿ. ನಿಮ್ಮ ಮಗುವಿಗೆ ಲೆಕ್ಕ ಹೇಳಿಕೊಟ್ಟವರು, ನಿಮಗೆ ಹೊಲಿಗೆ ಕಲಿಸಿದವರು, ಮನಸ್ಸು ಕುಗ್ಗಿದ ದಿನ ಒಂದು ಹಾಡು ಹಾಡಿದವರು ಯಾರೋ ಅದರಲ್ಲಿ ಇದ್ದಾರೆ. ಅವರು ನಿಮ್ಮ ಮನೆಗೆ ಬಂದು ಕೈಚಾಚುವುದಿಲ್ಲ. ಲಕ್ಷ ಜನ ನೋಡುತ್ತಾರೆ, ಚೆನ್ನಾಗಿಯೇ ಇರಬೇಕು ಎಂದುಕೊಳ್ಳಬೇಡಿ. ಅವರಿಗೆ ಒಳ್ಳೆಯದು ಮಾಡುತ್ತೇನೆಂದು ವಿಡಿಯೋವನ್ನು ಸುಮ್ಮನೆ ಓಡಿಸಿ ಇಡಬೇಡಿ. ಅವರ ಸ್ವಂತ ಪುಟಕ್ಕೆ ಹೋಗಿ, ಅವರದೇ ಹೌದೋ ಎಂದು ನೋಡಿ, ನಿಮಗೆ ಭಾರವಾಗದಷ್ಟನ್ನು ನೇರವಾಗಿ ಅವರ ಕೈಗೆ ಸೇರಿಸಿ. ಕೈಲಾಗದಿದ್ದರೆ ಹೇಗಿದ್ದೀರಿ ಎಂದು ಎರಡು ಸಾಲು ಬರೆದು ಕೇಳಿ. ಅವರು ಇನ್ನೂ ಕಲಿಸುತ್ತಿರುವಾಗಲೇ ಕೊಡಿ. ಇಸ್ತ್ರಿಯಣ್ಣ ಈಗಲೂ ತಿಂಗಳು ತಪ್ಪದೆ ಕೊಡುತ್ತಾನೆ. ಆದರೆ ಎರಡು ತಿಂಗಳು ಮೊದಲೇ ಎಲ್ಲರೂ ಕೊಟ್ಟಿದ್ದರೆ ಆ ಮಂಚದ ಮೇಲೆ ಇವತ್ತು ಕಂಬಳಿ ಇರುತ್ತಿರಲಿಲ್ಲ.